ಮೊದ್ಲು ರೆಫ್ (ಆಧಾರದ ಉಲ್ಲೇಖ), ಆಮೇಲೆ ವಾಕ್ಯ: ಇಟಗಿ ಲೇಖನ ಉಳಿದಿದ್ದು ಹಿಂಗ

ಕನ್ನಡ ವಿಕಿಪೀಡಿಯದಾಗ ಕೊಪ್ಪಳ ಜಿಲ್ಲೆ ಇಟಗಿಯ ಮಹಾದೇವ ದೇವಸ್ಥಾನದ ಬಗ್ಗೆ ನಾ ಸೇರಿಸಿದ್ದನ್ನ ಮೂರು ಸಲ ರಿವರ್ಟ್ ಹೊಡದ್ರು, ಅಂದ್ರ ಅಳಿಸಿ ಹಳೇದಕ್ಕ ತಿರುಗಿಸಿದ್ರು. ಈಗ ಐದಾರು ತಿಂಗಳಾತು, ಬಾಟ್ (ತಾನಾಗೇ ತಿದ್ದೋ ಪ್ರೋಗ್ರಾಮ್) ಬಿಟ್ರ ಯಾರೂ ಮುಟ್ಟಿಲ್ಲ. ನನ್ನ ಪದ್ಧತಿ ಕೇಳಿ ನಮ್ಮ ಕೊಪ್ಪಳದ ಗೆಳೆಯಾರು "ಹಿಂಗ ಕುಂತ್ರ ವರ್ಷಕ್ಕೊಂದು ಲೇಖನಾನೂ ಆಗಂಗಿಲ್ಲ ಬಿಡಪಾ" ಅಂತ ನಕ್ಕಿದ್ರು, ಅದಕ್ಕ ಬರೀಲಿಕ್ಕತ್ತೀನಿ.

ಮೊದಲ್ನೇ ಸಲ ನಂದ ತಪ್ಪು. ಭವ್ಯ, ಅದ್ಭುತ, ನೋಡಲೆರಡು ಕಣ್ಣು ಸಾಲದು ಅಂತೆಲ್ಲ ಬರದಿದ್ನಿ, ಹೋತು. ಎರಡನೇ ಸಲ ವಿಶೇಷಣ ಎಲ್ಲಾ ಕಿತ್ತೆ, ಆದ್ರ ಅದರ ಜೋಡಿ "ದೇವಾಲಯ ಚಕ್ರವರ್ತಿ" ಅನ್ನೋದನ್ನೂ ಕಿತ್ತು ಹಾಕಿದ್ನಿ. ಅದು ನನ್ನ ಹೊಗಳಿಕೆ ಅಲ್ರೀ, 1112ರ ಶಾಸನದಾಗ ಇರೋ ಮಾತು. ಶಾಸನ ಹಿಂಗ ಕರೀತದ ಅಂತ ಬರದು ಪಕ್ಕಕ್ಕ ರೆಫ್ ಹಾಕಿದ್ರ ನಿಲ್ತದ, ಲೇಖಕ ತಾನ ಹೊಗಳಿದ್ರ ನಿಲ್ಲಂಗಿಲ್ಲ. ಇಷ್ಟು ತಿಳೀಲಿಕ್ಕ ನನಗ ಎರಡು ತಿಂಗಳು ಬೇಕಾತು.

ಮೂರನೇ ಸಲದ್ದು ರೊಕ್ಕದ ಕಥಿ. ಟೈಪ್ ಮಾಡೋ ಬ್ಯಾಸರಕ್ಕ ಒಂದು ಡಿಟಿಪಿ ಅಂಗಡಿಗೆ ಕೊಟ್ಟೆ, ಪೇಜಿಗೆ 20 ರೂಪಾಯಿಯೋ 25ಓ, ಒಟ್ಟು ನಾನೂರರ ಹತ್ರ ಹೋತು. ಅವ್ರು ನುಡಿ ಹಳೇ ಫಾಂಟಿನಾಗ ಹೊಡದು ಯೂನಿಕೋಡಿಗೆ ಕನ್ವರ್ಟ್ ಮಾಡಿ ಕೊಟ್ರು, ನಾನೂ ನೋಡ್ದೆ ಕಾಪಿ ಪೇಸ್ಟ್ ಮಾಡಿದ್ನಿ, ಪ್ರಕಟ ಮಾಡಿ ನೋಡಿದ್ರ "ಕರ್ನಾಟಕ" ಅನ್ನೋ ಲಿಂಕೇ ಕೆಂಪು! ಕರ್ನಾಟಕದ ಮ್ಯಾಲೆ ಲೇಖನ ಇಲ್ಲಂತ! ಅರ್ಕಾವತ್ತು ಇದ್ದಲ್ಲೆಲ್ಲ ಕಣ್ಣಿಗೆ ಕಾಣದ ಒಂದು ಜಾಯಿನರ್ ಕ್ಯಾರೆಕ್ಟರ್ ಕುಂತಿತ್ತು, ಹಂಗಾಗಿ ಕಂಪ್ಯೂಟರಿಗೆ ಅದು ಬ್ಯಾರೆ ಪದ. ಹಂಗಂತ ಎಲ್ಲಾ ಕಡೆ ತಗದ್ರೂ ನಡಿಯಂಗಿಲ್ಲ, ರ‍್ಯಾಲಿ, ರ‍್ಯಾಂಕ್ ಇಂಥವಕ್ಕ ಅದು ಬೇಕ. ಈಗ ನನ್ನ ಹತ್ರ ಹುಡುಕಿ-ಬದಲಿಸೋ ಪಟ್ಟಿ ಐತಿ, ಐವತ್ತರ ಮ್ಯಾಲೆ ಸಾಲು. ಅದು ಸದ್ಯ ನನ್ನ ಹತ್ರಾನ ಇರ್ಲಿ.

ಆಮೇಲೆ ಪದ್ಧತಿ ತಿರುಗಿಸಿದೆ. ಪ್ರಯೋಗಪುಟದಾಗ (ಪ್ರಕಟ ಮಾಡೋ ಮೊದ್ಲು ಬರದು ನೋಡೋ ಪುಟ) ಮೊದ್ಲು ಬರೇ ರೆಫ್, ಪುಟ ಸಂಖ್ಯೆ ಸಮೇತ. ಪ್ರತಿ ರೆಫಿನ ಮುಂದ ಒಂದೇ ವಾಕ್ಯ, ನನ್ನ ಸ್ವಂತ ಮಾತಿನಾಗ. ರೆಫ್ ಇಲ್ಲದ ವಾಕ್ಯ ಎಷ್ಟು ಚಂದ ಇದ್ರೂ ಇಲ್ಲ. ಕಡೀಗೆ ಶಿರೋನಾಮೆ ಹಾಕಿ ಹಂಚೂದು. ಪೀಠಿಕೆ ಎಲ್ಲಾ ಮುಗದ ಮ್ಯಾಲೆ ಬರೀರಿ, ಮೊದ್ಲ ಬರದ್ರ ಅದು ಭಾಷಣ ಆಗ್ತದ. "ಇತ್ತೀಚೆಗೆ" ಅಂತ ಎಲ್ಲೂ ಬ್ಯಾಡ, ಇಸವಿ ಹಾಕ್ರಿ.

ಒಂದು ಎಚ್ಚರ. ಹಳೇ ಪುಸ್ತಕದಾಗ ಇಟಗಿ ರಾಯಚೂರು ಜಿಲ್ಲೆ, ಯಲಬುರ್ಗಾ ತಾಲ್ಲೂಕು ಅಂತ ಇರ್ತದ, ನಾನೂ ಕಣ್ಮುಚ್ಚಿ ಇಳಿಸಿದ್ದೆ. ಕೊಪ್ಪಳ ಬ್ಯಾರೆ ಜಿಲ್ಲೆ ಆಗಿದ್ದು 1997ರಾಗ, ಇಟಗಿ ಈಗ ಕುಕನೂರು ತಾಲ್ಲೂಕು. ಹಂಪಿ ಬಗ್ಗೆ ಬರಿಯೋರೂ ನೋಡ್ಕೋರಿ, 2021ರಿಂದ ಅದು ಬಳ್ಳಾರಿ ಅಲ್ಲ, ವಿಜಯನಗರ ಜಿಲ್ಲೆ.

ನಡುವ ಒಂದು ಹುಚ್ಚು ಪ್ರಯೋಗ ಮಾಡಿದ್ನಿ. ಲೇಖನದ ಪಕ್ಕದ ಮಾಹಿತಿ ಚೌಕ, ಇನ್ಫೋಬಾಕ್ಸ್‌ನಾಗ ಅಂಕಿ ಎಲ್ಲಾ ಕನ್ನಡದಾಗ ಇರ್ಲಿ ಅಂತ ಅಭಿಮಾನಕ್ಕ ತುಂಬಿಸಿದೆ, ಲೆಕ್ಕ ಹಾಕೋ ಟೆಂಪ್ಲೇಟಿಗೆ ತಿಳೀಲಿಲ್ಲ, ಕೆಂಪಕ್ಷರದಾಗ ಎರರ್ ಕಾರ್ಕೊಂತು. ಒಂದು ಇಡೀ ರಾತ್ರಿ ಹಾಳು.

ಇನ್ನ ಮಹಾದೇವ ಅನ್ನೋ ದಂಡನಾಯಕ ಈ ಗುಡಿ "ಕಟ್ಟಿಸಿದನು" ಅನ್ನಬೇಕೋ "ಕಟ್ಟಿಸಿದರು" ಅನ್ನಬೇಕೋ ಅಂತ ಚರ್ಚೆ ಪುಟದಾಗ ಹದಿನೈದು ದಿನ ಜಗಳ. ನನ್ನ ಮಟ್ಟಿಗೆ ಹಳೇ ಅರಸರಿಗೆ, ದಂಡನಾಯಕರಿಗೆ ಏಕವಚನ, ಈಗಿನೋರಿಗೆ ಬಹುವಚನ. ಆ ದಂಡನಾಯಕನ ಅರಸ, ಚಾಲುಕ್ಯರ ಆರನೇ ವಿಕ್ರಮಾದಿತ್ಯ ಏನ್ ಬ್ಯಾಸರ ಮಾಡ್ಕೊಳ್ಳಂಗಿಲ್ಲ. ಒಂದು ಪ್ಯಾರಾದಾಗ "ಆಳಿದನು", ಮುಂದಿನದ್ರಾಗ "ದಾನ ನೀಡಿದರು" ಅಂತ ಕಲಸಿದ್ರ ಮಾತ್ರ ಓದೋರಿಗೆ ಇಬ್ಬರು ಮನಷ್ಯಾರು ಅನ್ನಿಸ್ತದ.

ಒಟ್ಟು ಖರ್ಚು ಜೆರಾಕ್ಸ್, ಬಸ್ಸು, ಚಾ-ಮಿರ್ಚಿ ಸೇರಿ ಸಾವಿರದಿನ್ನೂರರ ಆಜೂಬಾಜು, ಡಿಟಿಪಿ ನಾನೂರು ಬ್ಯಾರೆ. ಫೋಟೋ ನಾನ ಹೋಗಿ ಫೋನಿನಾಗ ಹೊಡದು ವಿಕಿಪೀಡಿಯದ ಫೋಟೋ ಭಂಡಾರ ಕಾಮನ್ಸ್‌ಗೆ ಏರಿಸಿದ್ನಿ. ಸಂಜಿ ಬೆಳಕಿನಾಗ ಹೋಗ್ರಿ, ಬಳಪದ ಕಲ್ಲಿನ ಕುಸುರಿ ಕೆಲಸ ಚಲೋ ಎದ್ದು ಕಾಣ್ತದ.

ನಕ್ಕಿದ್ದ ಗೆಳೆಯಾ ಒಬ್ಬ ಈಗ ಮಸ್ಕಿ ಶಾಸನದ ಲೇಖನ ಹಿಡದಾನ, ಮೊನ್ನೆ ಫೋನ್ ಮಾಡಿ ಆ ಪಟ್ಟಿ ಕಳಸಲೇ ಅಂದ. ಅರ್ಧ ಕಳಿಸೀನಿ.