ಅರ್ಧ ಹೋಂವರ್ಕು, ಬಸ್ ಸ್ಟ್ಯಾಂಡಿನ ಒತ್ತಕ್ಷರ: ನನ್ನ ಅನುಭವ

ಮೊನ್ನೆ ಟೆಸ್ಟಿನಲ್ಲಿ ನನ್ನ ಮಗನಿಗೆ ಕನ್ನಡದಲ್ಲಿ 25ಕ್ಕೆ 17 ಬಂತು. ಬೇರೆ ಅಪ್ಪಂದಿರಿಗೆ ಇದು ಹೇಳಿಕೊಳ್ಳುವ ಅಂಕವಲ್ಲ. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು-ಬರಹ ಕೈಹತ್ತದ ತೊಂದರೆ ಇರುವ, ಒಂದು ಕಡೆ ಕೂರದ ಮಗು ಮನೆಯಲ್ಲಿದ್ದವರಿಗೆ ಆ 17ರ ಬೆಲೆ ಗೊತ್ತು. "ನಾಕು ಬಿಟ್ರ ತಾನ ಬರಿತಾನ, ನಿಂದೇನು ಹೊಸಾದು" ಅನ್ನುತ್ತಿದ್ದ ನಮ್ಮಣ್ಣನ ಮನೆಗೆ ಹೋಗಿ ಪೇಪರ್ ತೋರಿಸಿಯೇ ಬಂದೆ.

ನಮ್ಮದು ಗಂಗಾವತಿ. ನಾನು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಮಗ ಐದನೇ ಕ್ಲಾಸ್. ಟೆಸ್ಟಿಂಗ್, ಸರ್ಟಿಫಿಕೇಟ್, ಯುಡಿಐಡಿ ಅನ್ನುವ ವಿಕಲಚೇತನರ ಗುರುತಿನ ಕಾರ್ಡಿನ ಓಡಾಟ ಇಂಥ ಮಕ್ಕಳ ಅಪ್ಪ-ಅಮ್ಮಂದಿರಿಗೆಲ್ಲ ಗೊತ್ತಿರುವುದೇ, ಬಿಡಿ.

ಮೊದಲು ದುಡ್ಡು ಹೋದ ದಾರಿ ಹೇಳುತ್ತೇನೆ. ಟ್ಯೂಷನ್ನಿಗೆ ತಿಂಗಳಿಗೆ 800, ಹೆಚ್ಚುಕಡಿಮೆ ಒಂದೂವರೆ ವರ್ಷ. ಅಲ್ಲಿ ಕಲಿತದ್ದು ಬೋರ್ಡಿನಲ್ಲಿರುವುದನ್ನು ಚಿತ್ರ ಬರೆದ ಹಾಗೆ ಇಳಿಸುವುದು. ನೋಟ್‌ಬುಕ್ಕಿನಲ್ಲಿ ಅಕ್ಷರ ದುಂಡಗೆ, ಓದು ಅಂದರೆ ಒಂದು ಸಾಲೂ ಇಲ್ಲ. ಅಬ್ಯಾಕಸ್ಸಿಗೆ ಆರು ಸಾವಿರ. ಟ್ಯಾಬು, ಆ್ಯಪಿನ ಚಂದಾ ಸೇರಿ ಹದಿನಾಲ್ಕು ಸಾವಿರದ ಹತ್ತಿರ. ಆ ಆ್ಯಪ್ ಇಂಗ್ಲಿಷಿನ b, d ಅಕ್ಷರ ಅದಲುಬದಲಾಗುವ ಗೊಂದಲ ತಿದ್ದುತ್ತದೆ. ನನ್ನ ಮಗ ಎಡವುವುದು ಪ, ವ, ಷದಲ್ಲಿ, ದ, ಧ, ಥದಲ್ಲಿ, ಎಲ್ಲಕ್ಕಿಂತ ಜಾಸ್ತಿ ಒತ್ತಕ್ಷರದಲ್ಲಿ. ಅವ್ವನ ಒತ್ತಾಯಕ್ಕೆ ನೆನಪಿನ ಶಕ್ತಿಯ ಸಿರಪ್ಪೂ ಆಯಿತು. ಅದರಿಂದ ಹಸಿವು ಹೆಚ್ಚಿತು, ಅಷ್ಟೇ. ಬೆಂಗಳೂರಿನ ಓಡಾಟ ಸೇರಿಸಿದರೆ ಐವತ್ತು ಸಾವಿರ ದಾಟಿತು. ಸಂಜೆ ಆರಕ್ಕೆ ಶುರುವಾದ ಹೋಂವರ್ಕಿನ ಜಗಳ ರಾತ್ರಿ ಒಂಬತ್ತೂವರೆಗೂ ಮುಗಿಯುತ್ತಿರಲಿಲ್ಲ.

ಒಂದು ದಿನ ಪುಸ್ತಕ ಮುಚ್ಚಿಟ್ಟು ಪರಿಸರ ಅಧ್ಯಯನದ ಪ್ರಶ್ನೆಗಳನ್ನು ಬಾಯಲ್ಲಿ ಕೇಳಿದೆ. ಪಟಪಟ ಹೇಳಿದ. ಅವನಿಗೆ ಪಾಠ ಬರುತ್ತಿತ್ತು, ಓದು-ಬರಹ ಬರುತ್ತಿರಲಿಲ್ಲ. ಎರಡನ್ನೂ ಒಂದೇ ಹೊತ್ತಿನಲ್ಲಿ ಮಾಡಿಸುವುದನ್ನು ಅಂದೇ ನಿಲ್ಲಿಸಿದೆ.

ಈಗ ಹೋಂವರ್ಕಿನ ಹೊತ್ತಿನಲ್ಲಿ ಪ್ರಶ್ನೆ ಓದುವುದು ನಾನು, ಉತ್ತರ ಹೇಳುವುದು ಅವನು. ಮೂರರಲ್ಲಿ ಒಂದನ್ನು ಅವನು ಬರೆಯುತ್ತಾನೆ, ಉಳಿದದ್ದು ನಾನು. ಕೆಳಗೆ "ಹೇಳಿದ್ದು ಮಗ, ಬರೆದದ್ದು ಅಪ್ಪ" ಅಂತ ಸಹಿ ಹಾಕುತ್ತೇನೆ. ಮೊಬೈಲಿನಲ್ಲಿ ಹತ್ತು ನಿಮಿಷದ ಅಲಾರಂ. ಹೊಡೆದರೆ ಅರ್ಧ ವಾಕ್ಯದಲ್ಲಿದ್ದರೂ ಎದ್ದು ಓಡಬಹುದು.

ಶಾಲೆಯಲ್ಲಿ ಒಪ್ಪಲಿಲ್ಲ. "ಉಳಿದ ಮಕ್ಕಳೂ ಹಿಂಗೇ ಕೇಳ್ತಾರಲ್ರೀ" ಅಂದರು ಮೇಡಂ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆಯ ನ್ಯೂನತೆಗಳಿವೆ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಯೂ ಅದರಲ್ಲಿದೆ. ಆ ಪುಟ ಜೆರಾಕ್ಸ್ ಮಾಡಿಸಿ ಒಯ್ದೆ. ಎಸ್‌ಎಸ್‌ಎಲ್‌ಸಿಯಲ್ಲೇ ಇಂಥ ಮಕ್ಕಳಿಗೆ ಬರೆಯಲು ಸಹಾಯಕರು, ಹೆಚ್ಚಿನ ಸಮಯ ಸಿಗುವಾಗ ಐದನೇ ಕ್ಲಾಸಿನ ಹೋಂವರ್ಕಿಗೆ ಯಾಕಿಲ್ಲ ಮೇಡಂ ಅಂದೆ. ಒಂದು ತಿಂಗಳು ನೋಡೋಣ ಅಂದರು. ಆ ತಿಂಗಳು ಇನ್ನೂ ಮುಗಿದಿಲ್ಲ!

ಓದು ಕಲಿಸಿದ್ದು ಬಸ್ ಸ್ಟ್ಯಾಂಡಿನಲ್ಲಿ. ಭಾನುವಾರ ಬೆಳಿಗ್ಗೆ ಬಿಸಿಲೇರುವ ಮೊದಲು ಹೋಗಿ ಕೂರುತ್ತೇವೆ. ನಮ್ಮ ಕಡೆಯ ಊರುಗಳ ಹೆಸರಲ್ಲಿ ಬೇಕಾದ ಒತ್ತಕ್ಷರವೆಲ್ಲ ಇದೆ. ಕೊಪ್ಪಳ, ಬಳ್ಳಾರಿಯಲ್ಲಿ ಅದೇ ಅಕ್ಷರದ ಒತ್ತು, ಹಾಗಾಗಿ ಅವು ಮೊದಲು. ಆಮೇಲೆ ಬೇರೆ ಅಕ್ಷರದ ಒತ್ತಿರುವ ಕುಷ್ಟಗಿ, ಮಸ್ಕಿ. ಕಂಡಕ್ಟರ್ "ಸಿಂದ್ನೂರ್, ಸಿಂದ್ನೂರ್" ಅಂತ ಕೂಗುತ್ತಾನೆ, ಬೋರ್ಡಿನಲ್ಲಿ ಸಿಂಧನೂರು. "ಯಪ್ಪಾ, ಇದರ ಹೊಟ್ಟ್ಯಾಗ ಗೀಟು ಐತಿ" ಅಂತ ಧ ಅವನೇ ಹಿಡಿದ. ಹೆಸರು ಕಿವಿಗೆ ಮೊದಲೇ ಗೊತ್ತು, ಕಣ್ಣು ಅದನ್ನು ಹೊಂದಿಸಿಕೊಂಡರೆ ಸಾಕು. ಬಣ್ಣದಲ್ಲಿ ಬರೆದ ಬೋರ್ಡೇ ಆಗಬೇಕು. ಓಡುವ ಎಲ್‌ಇಡಿ ಬೋರ್ಡು ನೋಡಿದರೆ ಅವನಿಗೆ ತಲೆ ಕೆಡುತ್ತದೆ.

ಎಲ್ಲರನ್ನೂ ಕಾಡುವುದು ಯಲಬುರ್ಗಾ. ರ್ ಬಾಯಲ್ಲಿ ಮೊದಲು, ಕೈಯಲ್ಲಿ ಆಮೇಲೆ. ಅರ್ಕಾವತ್ತಿಗೆ ನಾನೊಂದು ಕಿತಾಪತಿ ಹುಡುಕಿದ್ದೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದರೆ ತೋರಿಸುತ್ತೇನೆ.

ಓದಿದ ಹೆಸರನ್ನು ಮನೆಯಲ್ಲಿ ತಾಟಿನಲ್ಲಿ ಬೆರಳಿಂದ ಬರೆಯಬೇಕು. ಇದಕ್ಕೆ ತಾಟಿನಲ್ಲಿ ಹರಡುವ ಮರಳಿನ ಬದಲು ಮಿಲ್ಲಿನಲ್ಲಿ ಸಿಗುವುದನ್ನೆಲ್ಲ ಪರೀಕ್ಷೆ ಮಾಡಿದೆ. ಹೊಟ್ಟು ಚುಚ್ಚುತ್ತದೆ. ತೌಡಿನಲ್ಲಿ ಗೆರೆ ಬಲು ಚಂದ ಮೂಡುತ್ತದೆ, ಆದರೆ ಎರಡು ದಿನಕ್ಕೇ ಕಮಟು ವಾಸನೆ, ನಮ್ಮ ಮನೆಯಾಕೆ ತಾಟು ಸಮೇತ ಹೊರಗಿಟ್ಟಳು. ಕೊನೆಗೆ ನಿಂತದ್ದು ನುಚ್ಚಕ್ಕಿ. ಖರ್ಚು ಸೊನ್ನೆ.

ಎಲ್ಲ ಮಕ್ಕಳಿಗೂ ಇದು ಹೊಂದುವುದಿಲ್ಲ. ನಮ್ಮ ಓಣಿಯ ಆಟಿಸಂ ಇರುವ ಹುಡುಗಿಗೆ ಬಸ್ ಸ್ಟ್ಯಾಂಡಿನ ಗದ್ದಲವೇ ಆಗಲಿಲ್ಲ. ಅವರಪ್ಪ ಊರ ಹೆಸರುಗಳನ್ನು ರಟ್ಟಿನ ಮೇಲೆ ಬರೆದು ಗೋಡೆಗೆ ಹಚ್ಚಿದ್ದಾನೆ, ನಡೆಯುತ್ತಿದೆಯಂತೆ.

ನಮ್ಮ ಹೋಂವರ್ಕ್ ಈಗ ಮುಕ್ಕಾಲು ಗಂಟೆಗೆ ಮುಗಿಯುತ್ತದೆ. ಮಗ್ಗಿ ಏಳರಲ್ಲಿ ಸಿಕ್ಕಿಕೊಂಡಿದೆ. ಇಂಗ್ಲಿಷನ್ನು ದಸರಾ ರಜೆವರೆಗೆ ಮುಟ್ಟುವುದಿಲ್ಲ ಅಂತ ಮೇಡಂಗೆ ಹೇಳಿಬಿಟ್ಟಿದ್ದೇನೆ.