ಪೀಣ್ಯದ ಹಳೇ ಕಂಪ್ಯೂಟರು, ನನ್ನ ಹೊಸ ಪೈಥಾನು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನು ಬರೆದ ಲೈಬ್ರರಿ, ಅಂದರೆ ಬೇಕಾದಾಗ ಕರೆದು ಬಳಸೋ ಕೋಡು, ಓಡುತ್ತೆ. ಮೀಟರುಗಳ ಲಾಗ್ ಫೈಲ್ ಓದಿ ದಿನದ ವರದಿ ಕೊಡೋದು ಅದರ ಕೆಲಸ. ಅಲ್ಲಿನ ಕಂಪ್ಯೂಟರಿನಲ್ಲಿದ್ದ ಆಪರೇಟಿಂಗ್ ಸಿಸ್ಟಂ ಉಬುಂಟು 18.04, ಅದರ ಜೊತೆಗೇ ಬಂದ ಪೈಥಾನ್ 3.6. ಬನಶಂಕರಿಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಆಗಷ್ಟೇ ಬಂದಿದ್ದ 3.8.

3.8ರಲ್ಲಿ ಹೊಸದಾಗಿ ಬಂದ ':=' ಚಿಹ್ನೆ, ಅಂದರೆ ಸಿಕ್ಕ ಮೌಲ್ಯಕ್ಕೆ ಹೆಸರಿಟ್ಟು ಅಲ್ಲೇ ಬಳಸೋ ವಿಧಾನ, ನನಗೆ ತುಂಬಾ ಹಿಡಿಸಿತ್ತು. ಸಾಲು ಓದೋದು, ಅದು ಖಾಲಿಯೋ ಅಂತ ನೋಡೋದು, ಎರಡೂ ಒಂದೇ ವೈಲ್ (ಮತ್ತೆ ಮತ್ತೆ ಓಡಿಸೋ) ಸಾಲಿನಲ್ಲಿ ಮುಗಿಯುತ್ತೆ. 2020ರ ಜನವರಿಯಲ್ಲಿ ಅದನ್ನು ಬಳಸಿಯೇಬಿಟ್ಟೆ. ಹಳಬರಿಗೆ ತೊಂದರೆ ಆಗಬಾರದಲ್ಲ, ಅದಕ್ಕೆ ಒಂದು ಇಫ್ ಹಾಕಿದೆ: ಪೈಥಾನ್ 3.8 ಇದ್ದರೆ ಹೊಸ ಸಾಲು, ಇಲ್ಲದಿದ್ದರೆ ಹಳೇದು.

ಮರುದಿನ ಬೆಳಿಗ್ಗೆ ಶಿಫ್ಟ್ ಸೂಪರ್‌ವೈಸರ್ ಫೋನು: 'ಸಾರ್, ವರದಿನೇ ಬಂದಿಲ್ಲ.' ಗ್ರೀನ್ ಲೈನ್ ಮೆಟ್ರೋ ಹತ್ತಿ ಹೋದೆ. ಪರದೆ ಮೇಲೆ ಸಿಂಟ್ಯಾಕ್ಸ್ ಎರರ್, ಆ ':=' ಇದ್ದ ಸಾಲನ್ನೇ ತೋರಿಸ್ತಿತ್ತು. ನನ್ನ ಇಫ್‌ಗೆ ಓಡುವ ಸರದಿಯೇ ಬಂದಿರಲಿಲ್ಲ! ಪೈಥಾನ್ ಮೊದಲು ಇಡೀ ಫೈಲನ್ನು ಓದಿ ಕಂಪೈಲ್ ಮಾಡುತ್ತೆ, ಆಮೇಲೆ ಮೊದಲ ಸಾಲನ್ನು ಓಡಿಸುತ್ತೆ. ವ್ಯಾಕರಣವೇ ಅರ್ಥವಾಗದ ಫೈಲಿನೊಳಗೆ ಎಷ್ಟು ಷರತ್ತು ಬರೆದಿದ್ದರೂ ಅದು ಸತ್ತ ಹಾಗೆ.

ಅಲ್ಲಿಂದ ಹೊಸ ಸೌಲಭ್ಯ ಯಾವುದು ಬಂದರೂ ನನ್ನ ಮೊದಲ ಪ್ರಶ್ನೆ ಒಂದೇ: ಇದು ಇಂಪೋರ್ಟ್ ಮಾಡಿ ತರಿಸಿಕೊಳ್ಳೋ ಲೈಬ್ರರಿಯೋ, ಭಾಷೆಯದೇ ವ್ಯಾಕರಣವೋ? ಲೈಬ್ರರಿಯಾದರೆ ದಾರಿ ಇದೆ. 3.9ರಲ್ಲಿ ಸಮಯ ವಲಯಗಳ ಲೈಬ್ರರಿ ಜೋನ್‌ಇನ್ಫೋ ಬಂದಾಗ ಟ್ರೈ ಒಳಗೆ ಅದನ್ನು ಇಂಪೋರ್ಟ್ ಮಾಡಿದೆ, ಸಿಗದಿದ್ದರೆ ಹಳೇ ಪೈಥಾನಿಗೆಂದೇ ಇರುವ ಬ್ಯಾಕ್‌ಪೋರ್ಟ್. ಕಾರ್ಖಾನೆಯಲ್ಲಿ ಯಾರಿಗೂ ವ್ಯತ್ಯಾಸವೇ ಗೊತ್ತಾಗಲಿಲ್ಲ. ವ್ಯಾಕರಣವಾದರೆ ಆ ಕೋಡಿಗೆ ಬೇರೆಯದೇ ಫೈಲು ಬೇಕು, ಇಲ್ಲವೇ ಕಾಯಬೇಕು. ನಾನು ಸಾಮಾನ್ಯವಾಗಿ ಕಾಯುತ್ತೇನೆ. ಒಂದೇ ಕೆಲಸಕ್ಕೆ ಎರಡು ಫೈಲು ಸಾಕೋದು ಬಹಳ ಕಷ್ಟ.

ಇವೆರಡರ ನಡುವೆ ಸಿಕ್ಕಿಕೊಳ್ಳೋದು, ಒಂದು ಹೆಸರಿನಲ್ಲಿ ಯಾವ ಬಗೆಯ ಮಾಹಿತಿ ಇರುತ್ತೆ ಅಂತ ಸೂಚಿಸುವ ಟೈಪ್ ಹಿಂಟ್‌ಗಳು. ಫ್ಯೂಚರ್‌ನಿಂದ ಅನೊಟೇಶನ್ಸ್ (ಮುಂದಿನ ಆವೃತ್ತಿಗೆಂದಿದ್ದ ಸೌಲಭ್ಯವನ್ನು ಮೊದಲೇ ಕೊಡೋ ಸಾಲು) ತರಿಸಿಕೊಂಡರೆ 3.7ರಲ್ಲೂ 'ಇಂಟ್ | ಎಸ್‌ಟಿಆರ್' (ಪೂರ್ಣಾಂಕ ಅಥವಾ ಪಠ್ಯ) ಅಂತ ಬರೆಯಬಹುದು, ಯಾಕಂದರೆ ಆ ಹಿಂಟನ್ನು ಪೈಥಾನ್ ಲೆಕ್ಕ ಹಾಕೋದೇ ಇಲ್ಲ. ಅದನ್ನೇ ಹಿಂಟಿನಿಂದ ಹೊರಗೆ ತೆಗೆದು ಒಂದು ಹೆಸರಿಗೆ ಕಟ್ಟಿದಿರೋ, 3.10ಕ್ಕಿಂತ ಹಿಂದಿನದರಲ್ಲಿ ಟೈಪ್ ಎರರ್. ಇನ್ನು 3.6ರಲ್ಲಿ ಆ ಫ್ಯೂಚರ್ ಸಾಲೇ ಸಿಂಟ್ಯಾಕ್ಸ್ ಎರರ್.

ಅವತ್ತು ಪೀಣ್ಯದಲ್ಲೇ ಕೂತು ಹಳೇ ಸಾಲನ್ನು ವಾಪಸ್ ಹಾಕಿದೆ. ಮನೆಗೆ ಬಂದವನೇ ಪ್ಯಾಕೇಜಿನಲ್ಲಿ ಕನಿಷ್ಠ ಪೈಥಾನ್ ಯಾವುದು ಅಂತ ನಮೂದಿಸಿದೆ. ಅದೊಂದಿದ್ದರೆ ಸಾಕು, ಮುಂದೆ ನಾನು ಮಿತಿ ಏರಿಸಿದರೂ ಹಳೇ ಪೈಥಾನ್ ಇರುವ ಕಡೆ ಪ್ಯಾಕೇಜ್ ಇಳಿಸುವ ಸಾಧನವಾದ ಪಿಪ್ ತಾನಾಗಿ ಅಲ್ಲಿಗೆ ಹೊಂದುವ ಹಿಂದಿನ ಆವೃತ್ತಿಯನ್ನೇ ಇಳಿಸಿಕೊಳ್ಳುತ್ತೆ. ಪ್ರತಿ ಬದಲಾವಣೆಯೂ ಮೊದಲು 3.6ರಲ್ಲಿ ಟೆಸ್ಟ್ ಪಾಸಾಗಬೇಕು ಅಂತಲೂ ಮಾಡಿದೆ.

2021ರ ಡಿಸೆಂಬರಿನಲ್ಲಿ 3.6ರ ಅಧಿಕೃತ ಬೆಂಬಲ ನಿಂತಿತು. ಆದರೂ ನಾನು ಕೂಡಲೇ ಮಿತಿ ಏರಿಸಲಿಲ್ಲ. ಕಾರ್ಖಾನೆಯವರಿಗೆ ಆರು ತಿಂಗಳು ಮೊದಲೇ ಹೇಳಿದೆ, ಅವರು ಪೈಥಾನ್ 3.8 ಜೊತೆಗೇ ಬರುವ ಉಬುಂಟು 20.04ಕ್ಕೆ ಬಂದರು. ಒಂದು ವಾರ ವರದಿಗಳೆಲ್ಲ ಸರಿಯಾಗಿ ಬಂದದ್ದು ನೋಡಿದ ಮೇಲೆ ಆ ವೈಲ್ ಸಾಲನ್ನು ಮತ್ತೆ ಬರೆದೆ.