ಬಿಳಿ ಹುಲಿಗೆ ಫೆಲ್ಟೇ ಸರಿ

ಬಟ್ಟೆ ಮೇಲೆ ಹಾಕುವ ಮೂರು ಇಂಚಿನ ಎಂಬ್ರಾಯ್ಡರಿ ಪ್ಯಾಚಿನಲ್ಲಿ ಬಿಳಿ ಹುಲಿ ಸರಿಯಾಗಿ ಬರೋದಿಲ್ಲ ಅಂತ ಗೊತ್ತಿದ್ದ ಎಂಬ್ರಾಯ್ಡರಿಯವರೆಲ್ಲ ಹೇಳಿದ್ದರು. ಬಂದಿದೆ. ಕಾಸರಗೋಡಿನ ನನ್ನ ಹಳೇ ಸಿಂಗಲ್ ಹೆಡ್ ಮೆಷಿನ್‌ನಲ್ಲೇ ಬಂದಿದೆ.

ಆರ್ಡರ್ ಕೊಟ್ಟವರು ಕುಂಬಳೆ ಕಡೆಯ ನಿವೃತ್ತ ನೌಕಾಪಡೆಯವರು. ಅವರಿದ್ದದ್ದು ನೌಕಾಪಡೆಯ ಯುದ್ಧವಿಮಾನಗಳ ದಳವಾದ ಗೋವಾದ 300ನೇ ಸ್ಕ್ವಾಡ್ರನ್, ‘ವೈಟ್ ಟೈಗರ್ಸ್’ನಲ್ಲಿ. ಹಳೆಯ ಗೆಳೆಯರು ಸೇರುವಾಗ ಬ್ಲೇಜರಿಗೆ ಹಾಕಲು ನಲವತ್ತರಷ್ಟು ಪ್ಯಾಚ್ ಬೇಕಿತ್ತು. ಕೆಳಗೊಂದು ವಿಮಾನ ಸೇರಿಸೋಣವಾ ಅಂತ ಕೇಳಿದೆ. “ಯಾವ ವಿಮಾನ ಮಾರಾಯಾ?” ಅಂದರು. 1960ರಲ್ಲಿ ಶುರುವಾದಾಗ ಸೀ ಹಾಕ್. 1971ರ ಯುದ್ಧದಲ್ಲಿ ವಿಮಾನವಾಹಕ ಹಡಗು ವಿಕ್ರಾಂತ್‌ನಿಂದ ಹಾರಿ ಚಿತ್ತಗಾಂಗ್, ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದು ಅವೇ. 1983ರಿಂದ ಸೀ ಹ್ಯಾರಿಯರ್. 2016ರಲ್ಲಿ ಅವೂ ಹೋಗಿ ಮಿಗ್-29ಕೆ ಬಂತು. ಮೂರೂ ಕಾಲದವರಿಗೆ ಸೇರಿದ್ದು ಹುಲಿ ಒಂದೇ. ಹಾಗಾಗಿ ಹುಲಿಯ ಮುಖ ಕೆಡುವ ಹಾಗಿರಲಿಲ್ಲ.

ಮೊದಲು ಬಿಳಿ ಫಿಲ್, ಅಂದರೆ ಜಾಗ ಪೂರ್ತಿ ತುಂಬುವ ಹೊಲಿಗೆ, ಹೊಡೆದು ಮೇಲೆ ಕಪ್ಪು ಪಟ್ಟೆ ಹಾಕಿದೆ. ನಮ್ಮೂರ ಹುಲಿವೇಷಕ್ಕೆ ಹಾಗೇ ಬಣ್ಣ ಹಾಕೋದು ಅಲ್ವಾ? ಆದರೆ ಬಣ್ಣ ತೆಳು, ದಾರ ದಪ್ಪ. ಬಟ್ಟೆ ಸುಕ್ಕಾಯಿತು, ಸೂಜಿ ಮುರಿಯಿತು, ಪಟ್ಟೆಗಳು ಒಂದಕ್ಕೊಂದು ಅಂಟಿದವು. “ಇದು ಬೆಕ್ಕು” ಅಂದರು ಅವರು. ಪಟ್ಟೆಯ ಜಾಗ ಖಾಲಿ ಬಿಟ್ಟು ನೋಡಿದೆ. ಸಂದಿಯಲ್ಲಿ ನೀಲಿ ಬಟ್ಟೆ ಇಣುಕಿತು. ಒಂದಕ್ಕೆ ಇಪ್ಪತ್ತು ಸಾವಿರ ಚಿಲ್ಲರೆ ಹೊಲಿಗೆ, ಮುಕ್ಕಾಲು ಗಂಟೆ. ಒಪ್ಪಿದ ರೇಟು 180 ರೂಪಾಯಿ. ದಾರ, ಬ್ಯಾಕಿಂಗ್ ಪೇಪರ್ ಅಂತ ಸುಮಾರು ಎರಡು ಸಾವಿರ ಸುಮ್ನೆ ಹೋಯಿತು.

ಕೊನೆಗೆ ಬಿಳಿ ದಾರವನ್ನೇ ಬಿಟ್ಟೆ. ಬಿಳಿ ಫೆಲ್ಟ್, ಅಂದರೆ ಒತ್ತಿ ಮಾಡಿದ ದಪ್ಪ ಬಟ್ಟೆ, ಇಟ್ಟು, ಸುತ್ತ ಒಂದು ಹೊಲಿಗೆ ಹಾಕಿ, ಅಂಚು ಕತ್ತರಿಸಿ, ಮೇಲೆ ಪಟ್ಟೆ ಮಾತ್ರ ಹೊಡೆದೆ. ಪಟ್ಟೆ ಒಂದು ಮಿಲಿಮೀಟರಿಗಿಂತ ತೆಳುವಾಗಬಾರದು. ಕೆಳಗಿನ ಅಕ್ಷರಕ್ಕೆ ತೆಳುವಾದ 60ರ ದಾರ, ಸಣ್ಣ 65ರ ಸೂಜಿ. ಹೊಲಿಗೆ ಒಂಬತ್ತು ಸಾವಿರಕ್ಕೆ ಇಳಿಯಿತು, ಸಮಯ ಕಾಲು ಗಂಟೆಗೆ. ಒಗೆದರೆ ಫೆಲ್ಟ್ ಏಳುತ್ತೆ ಅಂದರು ಕೆಲವರು. ವಾಷಿಂಗ್ ಮೆಷಿನ್‌ಗೇ ಹಾಕಿ ತೋರಿಸಿದೆ, ಒಂದು ಅಂಚೂ ಏಳಲಿಲ್ಲ. ಫೆಲ್ಟಿನ ಅಡಿಯಲ್ಲಿ ಏನಿದೆ ಅಂತ ಮಾತ್ರ ಕೇಳಬೇಡಿ.

ಹುಲಿಯ ಮೀಸೆಯನ್ನು, ಕೈಕಸೂತಿಯ ತಳಂಗರೆ ಟೋಪಿ ಹೊಲಿಯುವ ಅಕ್ಕನೊಬ್ಬರ ಕೈಯಲ್ಲಿ ಹಾಕಿಸಿ ನೋಡಿದ್ದೆ. ಮೆಷಿನ್‌ಗಿಂತ ಎಷ್ಟೋ ಚಂದ. ಆದರೆ ಆ ರೇಟಿಗೆ ಅವರ ಕೂಲಿ ಹೇಗೆ ಕೊಡೋದು?

ಹುರುಪಿನಲ್ಲಿ 303ನೇ ಸ್ಕ್ವಾಡ್ರನ್ನಿನ ಹೆಸರಿಗೆ ತಕ್ಕ ಕರಿಚಿರತೆಯನ್ನೂ ಮಾಡಿದೆ. ಮಿಗ್-29ಕೆ ಮೊದಲು ಬಂದದ್ದು ಆ ‘ಬ್ಲ್ಯಾಕ್ ಪ್ಯಾಂಥರ್ಸ್’ಗೆ. ಕಪ್ಪು ಬಟ್ಟೆ, ಕಪ್ಪು ದಾರ. ಹೊಲಿಗೆಯ ದಿಕ್ಕು ಬದಲಿಸಿದರೆ ಹೊಳಪಿನಲ್ಲೇ ಮೈಕಟ್ಟು ಕಾಣುತ್ತೆ. ಎರಡು ಪ್ಯಾಚ್ ಅಂಗಡಿಯಲ್ಲಿವೆ. 250ಕ್ಕಿಂತ ಕಡಿಮೆಗೆ ಕೊಡೋದಿಲ್ಲ.